ಶೆವಂತಿ ಬಾಯಿ ಬಿಟ್ಟಳು

ಮೊನ್ನೆ ನಮ್ಮ ಮನೆಯಲ್ಲಿ ಎಲ್ಲರೂ ಅರೆಬೆಂದ ಬೇಳೆ ಉಂಡೆವು. ಸೊಸೆ ಬಚ್ಚಲಿಗೆ ಹೋಗುವಾಗ, "ಅತ್ತೀ, ಮೂರು ಸೀಟಿ ಆದ ಮ್ಯಾಲೆ ಕುಕ್ಕರ್ ಆರಸ್ರಿ" ಎಂದು ಹೇಳಿ ಹೋಗಿದ್ದಳು. ನಾನು ಪೇಪರು ಓದುತ್ತ, ಸೀಟಿ ಎಣಿಸಿ, ಎದ್ದು ಹೋಗಿ, ಬಹಳ ಜವಾಬ್ದಾರಿಯಿಂದ ಒಲೆ ಆರಿಸಿದೆ. ಸೀಟಿ ಹಾಕಿದ್ದು ಕುಕ್ಕರ್ ಅಲ್ಲ, ಬಾಗಿಲ ಹಿಂದೆ ಅಡಗಿದ್ದ ಮೊಮ್ಮಗ ಎಂದು ತಿಳಿದದ್ದು ಬೇಳೆ ಹಲ್ಲಿಗೆ ಕಟುಂ ಎಂದಾಗಲೇ. ಸೊಸೆ ಅವನ ಕಿವಿ ಹಿಡಿದಳು. ಮನೆಯ ಹಿರಿಯಳಾಗಿ ನಾನೂ ಎರಡು ಮಾತು ಬೈಯಬೇಕಿತ್ತು. ಆದರೆ ನನಗೆ ನಗು ತಡೆಯಲಾಗಲಿಲ್ಲ. ಅಳುತ್ತಿದ್ದ ಹುಡುಗ ಅಳು ನಿಲ್ಲಿಸಿ, ಈ ಮುದುಕಿಗೆ ಏನಾಯಿತೆಂದು ನನ್ನನ್ನೇ ನೋಡಿದ.

ನನಗೇನಾಯಿತು ಎಂದು ಅವನಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ. ನನಗೆ ಶೆವಂತಿ ನೆನಪಾಗಿದ್ದಳು.

ಇದು ಇಪ್ಪತ್ತರ ದಶಕದ ಮಾತು. ನಾನು ಪರಕಾರ ತೊಟ್ಟು, ಎರಡು ಜಡೆ ಹಾಕಿಕೊಂಡು, ಹದಿನಾರರವರೆಗೆ ಮಗ್ಗಿ ಬರುತ್ತದೆಂಬ ಸೊಕ್ಕಿನಲ್ಲಿ ಬೆಳಗಾವಿಯ ಶಹಾಪುರದ ಓಣಿಗಳನ್ನು ಆಳುತ್ತಿದ್ದ ಕಾಲ. ಶಹಾಪುರದಲ್ಲಿ ನಮ್ಮಪ್ಪನದು ನೂಲಿನ ಅಂಗಡಿ. ಅವ್ವನ ತವರುಮನೆ ಖಾನಾಪುರ. ಅಲ್ಲಿ ನಮ್ಮ ಸೋದರಮಾವನದು ಸ್ಟೇಷನ್ನಿನ ಪಕ್ಕದಲ್ಲೇ ಕಟ್ಟಿಗೆಯ ವಖಾರಿ. ಘಟ್ಟದ ಕಾಡಿನಿಂದ ಸಾಗವಾನಿಯ ದಿಮ್ಮಿಗಳು ಎತ್ತಿನ ಗಾಡಿಯಲ್ಲಿ ಅಲ್ಲಿಗೆ ಬಂದು, ರೈಲು ಹತ್ತಿ, ನಾವು ಕಾಣದ ಊರುಗಳಿಗೆ ಹೋಗುತ್ತಿದ್ದವು. ರಜೆ ಬಂತೆಂದರೆ ನಾನು ಉಲ್ಟಾ ದಾರಿಯಲ್ಲಿ ರೈಲು ಹತ್ತಿ ಮಾವನ ದಿಮ್ಮಿಗಳ ಮೇಲೆ ಕುಣಿಯಲು ಹೋಗುತ್ತಿದ್ದೆ.

ಆ ಕಾಲದಲ್ಲಿ ಘಟ್ಟದ ಕೆಳಗಿನ ಗೋವೆ ಬೇರೆಯೇ ದೇಶ. ಅಲ್ಲಿ ಪೋರ್ತುಗೀಜರ ರಾಜ್ಯ. ಖಾನಾಪುರದ ಜನ ಮಾತ್ರ ಅದನ್ನು ಅಷ್ಟು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಅಲ್ಲಿಂದ ಸೊಸೆ ತರುತ್ತಿದ್ದರು, ತೆಂಗಿನಕಾಯಿ ತರುತ್ತಿದ್ದರು, ಮನೆಯ ಹಿರಿಯರಿಗೆ ಗೊತ್ತಾಗದ ಹಾಗೆ ಒಣಮೀನು ತರುತ್ತಿದ್ದರು. ನಡುವೆ ಒಂದು ಗಡಿ ಇದೆ ಎಂದು ನೆನಪಾಗುತ್ತಿದ್ದುದು ಅದನ್ನು ದಾಟಿ ಯಾರಾದರೂ ಓಡಿಬಂದಾಗ.

ಒಂದು ಮಳೆಗಾಲ ಮುಗಿಯುವ ಹೊತ್ತಿಗೆ ಹಾಗೆ ಓಡಿಬಂದವರು ಶೆವಂತಿ ಮತ್ತು ಅವಳ ತಾಯಿ. ಅವಳಪ್ಪ ಅಲ್ಲಿಯ ಯಾವನೋ ಅಧಿಕಾರಿಯ ಮೇಲೆ ಕೈ ಮಾಡಿ ಕಾಡು ಸೇರಿದ್ದನಂತೆ. ಅವನನ್ನು ಹುಡುಕಿ ಬಂದವರು ಮನೆಗೆ ಬೆಂಕಿ ಇಟ್ಟರು. ತಾಯಿ ಮಗಳ ಕೈ ಹಿಡಿದುಕೊಂಡು ಕಾಡು ಹೊಕ್ಕಳು. ಹಿಂದಿನಿಂದ ಬೂಟಿನ ಸದ್ದು ಹತ್ತಿರವಾದಾಗ ಒಂದು ಪೊದೆಯೊಳಗೆ ಕೂತು, ಮಗಳ ಬಾಯಿ ಗಟ್ಟಿಯಾಗಿ ಮುಚ್ಚಿ, ಸೊಲ್ಲೆತ್ತಬೇಡ ಎಂದು ಕಿವಿಯಲ್ಲಿ ಹೇಳಿದಳು. ಮಗಳು ತಾಯಿಯ ಮಾತು ಕೇಳಿದಳು. ಬೂಟುಗಳು ಹೋದ ಮೇಲೂ ಕೇಳಿದಳು, ಘಟ್ಟ ಹತ್ತಿ ಬಂದ ಮೇಲೂ ಕೇಳಿದಳು. ದಿಮ್ಮಿಯ ಗಾಡಿಯವನೊಬ್ಬ ಇಬ್ಬರನ್ನೂ ಕೂರಿಸಿಕೊಂಡು ಬಂದು ಮಾವನ ವಖಾರಿಯಲ್ಲಿ ಇಳಿಸಿ ತಿಂಗಳು ಕಳೆದರೂ ಹುಡುಗಿ ತುಟಿ ಬಿಚ್ಚಿರಲಿಲ್ಲ. ಇನ್ನು ಮಾತಾಡು, ಹೆದರಿಕೆಯಿಲ್ಲ ಎಂದು ತಾಯಿ ಅತ್ತು ಕರೆದು ಹೇಳಿದ್ದಳು. ಒಮ್ಮೆ ಬಾಯಿ ಮುಚ್ಚಿಸಿದವಳ ಮಾತನ್ನು ಎರಡನೆಯ ಸಲ ನಂಬಬಹುದೋ ಇಲ್ಲವೋ ಎಂದು ಹುಡುಗಿ ವಿಚಾರ ಮಾಡುತ್ತಿದ್ದಳೋ ಏನೋ.

ದೀಪಾವಳಿಯ ರಜೆಗೆ ನಾನು ಹೋದಾಗ ತಾಯಿ ಮಾವನ ಮನೆಯಲ್ಲಿ ಅಕ್ಕಿ ಆರಿಸುತ್ತ, ಮುಸುರೆ ತಿಕ್ಕುತ್ತ ಇದ್ದಳು. ಮಗಳನ್ನು ಎಲ್ಲರೂ "ಮೂಕಿ" ಎನ್ನುತ್ತಿದ್ದರು. ನನ್ನಷ್ಟೇ ವಯಸ್ಸು, ನನಗಿಂತ ತೆಳ್ಳಗೆ, ನನಗಿಂತ ದೊಡ್ಡ ಕಣ್ಣು. ನನಗೆ ಬಹಳ ಸಂತೋಷವಾಯಿತು. ಎದುರುತ್ತರ ಕೊಡದೆ ನನ್ನ ಮಾತನ್ನೆಲ್ಲ ಕೇಳುವ ಗೆಳತಿಗಾಗಿ ನಾನು ಹುಟ್ಟಿದಾಗಿನಿಂದ ಹುಡುಕುತ್ತಿದ್ದೆ.

ನಮ್ಮ ಮಾವನ ಒಂದು ಅಭ್ಯಾಸ ಹೇಳಬೇಕು. ಅವನು ಎಲ್ಲಿಗೆ ಕಾಲಿಟ್ಟರೂ ಮೊದಲು ಅವನ ಕೆಮ್ಮು ಕಾಲಿಡುತ್ತಿತ್ತು. ಗಂಟಲಿನ ತಳದಿಂದ ಹೊರಟು, ಮೀಸೆಯಲ್ಲಿ ಒಮ್ಮೆ ತಿರುಗಿ, "ಖ್ಹಂ... ಹ್ಹೂಂ" ಎಂದು ಹೊರಬೀಳುವ ಕೆಮ್ಮು. ಅದು ಕೇಳಿದರೆ ವಖಾರಿಯ ಆಳುಗಳು ಬೀಡಿ ನುಂಗಿಬಿಡುವಷ್ಟು ಹೆದರುತ್ತಿದ್ದರು.

ಒಂದು ಮಧ್ಯಾಹ್ನ ಮಾವ ಲೋಂಡಾಕ್ಕೆ ಹೋಗಿದ್ದ. ಆಳುಗಳು ನೆರಳಲ್ಲಿ ಇಸ್ಪೀಟು ಹಾಕಿದ್ದರು. ನಾನು, ಶೆವಂತಿ ದಿಮ್ಮಿಗಳ ಸಂದಿಯಲ್ಲಿ ಕೂತಿದ್ದೆವು. ಇದ್ದಕ್ಕಿದ್ದಂತೆ ನನ್ನ ಕಿವಿಯ ಪಕ್ಕದಲ್ಲೇ "ಖ್ಹಂ... ಹ್ಹೂಂ" ಎಂದಿತು. ಇಸ್ಪೀಟಿನೆಲೆಗಳು ಗಾಳಿಗೆ ಹಾರಿದವು. ನಾಲ್ವರು ಗಂಡಸರು ಒಂದೇ ದಿಮ್ಮಿಯನ್ನು ನಾಲ್ಕು ದಿಕ್ಕಿಗೆ ಎಳೆಯತೊಡಗಿದರು. ನಾನೂ ಎದ್ದು ನಿಂತು ಪರಕಾರ ಜಾಡಿಸಿಕೊಂಡು ಮಾವನನ್ನು ಹುಡುಕಿದೆ. ಮಾವನಿಲ್ಲ. ಶೆವಂತಿ ಮಾತ್ರ ಕೂತಿದ್ದಳು, ಮುಖದಲ್ಲಿ ಏನೂ ಇಲ್ಲದೆ.

ಮುಂದಿನ ಎರಡು ದಿನ ಆ ವಖಾರಿಯಲ್ಲಿ ಆದಷ್ಟು ಕೆಲಸ ಹಿಂದೆ ಎಂದೂ ಆಗಿರಲಿಲ್ಲ. ಆಳುಗಳು ಕುಂಡೆ ಊರಿದರೆ ಸಾಕು, ನಾನು ಶೆವಂತಿಯ ಮೊಣಕೈ ತಿವಿಯುತ್ತಿದ್ದೆ, ಕೆಮ್ಮು ಬರುತ್ತಿತ್ತು. ಮಾವ ತಿರುಗಿ ಬಂದು ಒಟ್ಟಿದ ದಿಮ್ಮಿಗಳನ್ನು ನೋಡಿ ಬೆರಗಾದ.

"ಏನ್ರಪಾ, ಇದನ್ನೆಲ್ಲಾ ನೀವ ಮಾಡೀರಿ?"

"ಮತ್ತೇನ್ರೀ ಧಣ್ಯಾರ, ನೀವು ಕುಂದರಾಕ ಬಿಟ್ರೇನು? ತಾಸಿಗೊಮ್ಮೆ ಕೆಮ್ಮೇ ಕೆಮ್ಮಿದ್ರಿ!"

"ನಾ ಕೆಮ್ಮಿದ್ನಿ? ನಾ ಲೋಂಡಾದಾಗ ಇದ್ನ್ಯೋ ಮಂಗ್ಯಾ!"

ಮಾವ ಊರಿನಲ್ಲಿಲ್ಲದಾಗ ಅವನ ಕೆಮ್ಮು ಊರಿನಲ್ಲಿತ್ತೆಂಬ ಸುದ್ದಿ ಭೂತಚೇಷ್ಟೆಯಾಗಿ ಬೆಳೆಯುವ ಮೊದಲು ನಾನು ಮಾವನಿಗೆ ಗುಟ್ಟು ಹೇಳಿದೆ. ಅವನು ಶೆವಂತಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, "ಒಮ್ಮೆ ಕೆಮ್ಮವಾ, ನಾ ಕೇಳ್ತೀನಿ" ಎಂದ. ಅವಳು ಕೆಮ್ಮಿದಳು. ಮಾವ ನಗಲಿಲ್ಲ. ಎದ್ದು ಅವಳ ತಾಯಿಯ ಕಡೆ ನೋಡಿ, "ಗಂಟಲಾ ಐತಿ ಅಂದ್ರ ಮಾತೂ ಐತಿ. ಬೆಳಗಾವ್ಯಾಗ ದೊಡ್ಡ ಡಾಕ್ಟರಿಗೆ ತೋರಸೂಣು" ಎಂದ. ತಾಯಿ ತಾನು ಬರುವುದಿಲ್ಲ ಎಂದಳು. ಘಟ್ಟ ಹತ್ತಿ ಬರುವ ಪ್ರತಿಯೊಂದು ಗಾಡಿಯನ್ನೂ ಅವಳು ನೋಡಬೇಕಿತ್ತು. ಗಂಡ ಬಂದರೆ ಅದೇ ದಾರಿಯಲ್ಲಿ ಬರಬೇಕು. ಹಾಗಾಗಿ ಶೆವಂತಿ ನನ್ನ ಜೊತೆಗೆ ಶಹಾಪುರಕ್ಕೆ ಬಂದಳು.

ನಮ್ಮ ಮನೆಯಲ್ಲಿ ಅಜ್ಜಿಯ ರಾಜ್ಯ. ಅಪ್ಪನ ಅವ್ವ ಅವಳು. ಶೆವಂತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಗೋವಾದಕಿ? ಮೀನ ತಿಂತಾಳೇನು?" ಎಂದು ಕೇಳಿದಳು. ಅವ್ವ ಹೆದರುತ್ತ, ತಿನ್ನುತ್ತಿದ್ದಿರಬೇಕು ಎಂದಳು. ಅಜ್ಜಿ, "ತಿನ್ಲಿ ಬಿಡು. ನಮ್ಮನ್ಯಾಗ ಸಿಗೂದಿಲ್ಲ, ತಾನ ಮರೀತಾಳ" ಎಂದು ತೀರ್ಪು ಕೊಟ್ಟು ಅವಳ ತಟ್ಟೆಗೆ ತುಪ್ಪ ಸುರಿದಳು.

ಡಾಕ್ಟರು ಚಮಚದಿಂದ ನಾಲಿಗೆ ಒತ್ತಿ ನೋಡಿ, ಈ ಗಂಟಲಿನಲ್ಲಿ ಯಾವ ದೋಷವೂ ಇಲ್ಲ ಎಂದರು. ಹೊರಗೆ ಬರುವಾಗ ಶೆವಂತಿ ಅವರ ದವಾಖಾನೆಯ ಬಾಗಿಲಿನ ಕಿರುಗುಟ್ಟುವಿಕೆಯನ್ನು ಮೂರು ಸಲ ಮಾಡಿದಳು. ಒಳಗಿನಿಂದ ಡಾಕ್ಟರು ಕಂಪೌಂಡರನಿಗೆ, ಬಾಗಿಲಿಗೆ ಎಣ್ಣೆ ಬಿಡು ಎಂದು ಬೈಯುವುದು ಕೇಳಿಸಿತು.

ಶಹಾಪುರ ಎಂದರೆ ಆಗ ಮನೆಮನೆಗೂ ಮಗ್ಗ. ಬೆಳಗಾದರೆ ಓಣಿಯುದ್ದಕ್ಕೂ ಲಟಕ್ ಪಟಕ್, ಲಟಕ್ ಪಟಕ್. ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆ ನೇಕಾರ ಈರಪ್ಪಕಾಕಾನದು. ಈರಪ್ಪಕಾಕಾ ದೇವರಂಥ ಮನುಷ್ಯ, ದೇವರ ಹಾಗೆಯೇ ಬಹಳ ಹೊತ್ತು ಕಣ್ಣು ಮುಚ್ಚಿಕೊಂಡಿರುತ್ತಿದ್ದ. ಅವನ ಹೆಂಡತಿ ಗಂಗವ್ವ ಹಿಂದಿನ ಅಡುಗೆಮನೆಯಲ್ಲಿ ಕೂತು, ಕಿವಿಯನ್ನು ಮುಂದಿನ ಕೋಣೆಯಲ್ಲಿ ಇಟ್ಟಿರುತ್ತಿದ್ದಳು. ಮಗ್ಗ ನಿಂತರೆ ಅವಳ ಬಾಯಿ ಶುರು.

ಶೆವಂತಿಯ ಕಸುಬು ಕಾಕಾನಿಗೆ ಹೇಗೆ ಗೊತ್ತಾಯಿತು ಎಂದು ಕೇಳಬೇಡಿ. ಒಪ್ಪಂದ ಮಾಡಿಸಿದವಳು ನಾನೇ. ಊಟವಾದ ಮೇಲೆ ಕಾಕಾ ಮಗ್ಗದ ಪಕ್ಕ ಚಾಪೆ ಹಾಕಿ ಮಲಗುವುದು, ಶೆವಂತಿ ಅಲ್ಲಿ ಕೂತು ಲಟಕ್ ಪಟಕ್ ಎನ್ನುವುದು, ಅದಕ್ಕೆ ಪ್ರತಿಯಾಗಿ ನಮಗೆ ಚುರುಮುರಿ. ಅವಳ ಬಾಯಿ ಕೆಲಸದಲ್ಲಿರುತ್ತಿದ್ದುದರಿಂದ ಚುರುಮುರಿಯ ಜವಾಬ್ದಾರಿ ನನ್ನ ಮೇಲೇ ಬೀಳುತ್ತಿತ್ತು. ಹುಡುಗಿ ಎಷ್ಟು ನಿಷ್ಠೆಯವಳೆಂದರೆ, ನಡುನಡುವೆ ಎಳೆ ಕಡಿದು ಮಗ್ಗ ನಿಲ್ಲುವುದನ್ನೂ, ಕಾಕಾ ಅದಕ್ಕೆ "ಥತ್" ಎನ್ನುವುದನ್ನೂ ಬಿಡದೆ ಮಾಡುತ್ತಿದ್ದಳು.

ಕೊನೆಗೆ ಗಂಗವ್ವನಿಗೆ ಸಂಶಯ ಬಂತು. ಮಗ್ಗ ಹಗಲೆಲ್ಲ ಮಾತಾಡುತ್ತದೆ, ಸೀರೆ ಮಾತ್ರ ಗೇಣೂ ಬೆಳೆದಿಲ್ಲ. ಒಂದು ಮಧ್ಯಾಹ್ನ ಅವಳು ಸದ್ದಿಲ್ಲದೆ ಮುಂದಿನ ಕೋಣೆಗೆ ಬಂದಳು. ಕಾಕಾ ಅಂಗಾತ ಮಲಗಿದ್ದ. ಶೆವಂತಿ ಕಣ್ಣು ಮುಚ್ಚಿ, ತಲೆ ತೂಗುತ್ತ ನೇಯುತ್ತಿದ್ದಳು. ನನ್ನ ಬಾಯಿ ತುಂಬ ಚುರುಮುರಿ. ಗಂಗವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಇವತ್ತು ನಮ್ಮ ಚರ್ಮ ಸುಲಿದು ಮಗ್ಗಕ್ಕೆ ಹಾಕುತ್ತಾಳೆ ಎಂದುಕೊಂಡೆ.

"ಯವ್ವಾ," ಎಂದಳು ಮೆಲ್ಲಗೆ, "ಇವನ ಗೊರಕಿ ಬರ್ತೈತೇನ ನಿನಗ?"

ಶೆವಂತಿ ಗೊರಕೆ ಹೊಡೆದಳು. ಎಷ್ಟು ಖರೇ ಇತ್ತೆಂದರೆ ಈರಪ್ಪಕಾಕಾ ನಿದ್ದೆಯಲ್ಲೇ, "ಏ, ಮಗ್ಗಲಾ ತಿರುಗು, ಗೊರಕಿ ಹೊಡೀಬ್ಯಾಡ" ಎಂದ. ಗಂಗವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು. ಕಾಕಾನಿಗೆ ಮಾತ್ರ ನಗುವ ಪ್ರಸಂಗ ಬರಲಿಲ್ಲ. ಆ ವಾರವೆಲ್ಲ ಅವನು ಮಗ್ಗದ ಮೇಲೆಯೇ ಊಟ ಮಾಡಿದ.

ಇಷ್ಟಾದರೂ ಅವಳ ಬಾಯಿಂದ ಮಾತೆಂಬುದು ಬಂದಿರಲಿಲ್ಲ. ಬಂದಾಗ, ಬರಬಾರದ ಹೊತ್ತಿಗೆ ಬಂತು.

ನಮ್ಮ ಓಣಿಯ ತುದಿಯಲ್ಲಿ ಒಬ್ಬ ವಕೀಲರ ಹೆಂಡತಿ ಇದ್ದಳು. ಯಾರ ಮನೆಯಲ್ಲಿ ಹೂರಣ ಕುದ್ದರೂ ಅವಳ ಮೂಗಿಗೆ ಮೊದಲು ಗೊತ್ತಾಗುತ್ತಿತ್ತು. ಅಜ್ಜಿ ಬಾಗಿಲಲ್ಲಿ ಅವಳನ್ನು ಬಾಯಿ ತುಂಬ ಕರೆಯುತ್ತಿದ್ದಳು, ಅಡುಗೆಮನೆಗೆ ಬಂದು ಅದೇ ಬಾಯಿ ತುಂಬ ಬೈಯುತ್ತಿದ್ದಳು. ಶೆವಂತಿ ಎರಡೂ ಕಡೆ ಅಜ್ಜಿಯ ಸೆರಗು ಹಿಡಿದುಕೊಂಡು ಓಡಾಡುತ್ತಿದ್ದಳು. ಕೊಂಕಣಿಯ ಅವಳಿಗೆ ನಮ್ಮ ಮಾತು ಅರೆಬರೆ ತಿಳಿಯುತ್ತಿತ್ತು, ಆದ್ದರಿಂದ ಯಾವ ಮಾತು ಹೊರಗಿನದು, ಯಾವುದು ಒಳಗಿನದು ಎಂಬ ಭೇದವೂ ತಿಳಿಯಲಿಲ್ಲ.

ಆ ದಿನ ಹೋಳಿಗೆ. ವಕೀಲರ ಹೆಂಡತಿ ಹೊಸ್ತಿಲು ದಾಟಿದಳು. ಅಜ್ಜಿ ಇನ್ನೂ ಬಾಯಿ ತೆರೆದಿರಲಿಲ್ಲ. ಅಜ್ಜಿಯದೇ ದನಿ ಕೇಳಿಸಿತು:

"ಬರ್ರಿ ಬರ್ರಿ ವೈನೀ, ಕುಂದರ್ರಿ! ಭಾಳ ದಿನಾ ಆತು, ಈ ಕಡೆ ಬರೂದ ಬಿಟ್ರಿ! ಬಂದ್ಲು ನೋಡು ಹೂರಣದ ವಾಸನಿ ಹಿಡ್ಕೊಂಡು. ಇಕಿ ಮನ್ಯಾಗ ಒಲಿ ಹಚ್ಚೂದಿಲ್ಲೇನು?"

ವಕೀಲರ ಹೆಂಡತಿ ಕಂಬವಾದಳು. "ಏನಂದ್ರಿ?"

"ನಾ ಏನೂ ಅಂದಿಲ್ರೀ! ನನ್ನ ಬಾಯಿ ಮುಚ್ಚೇ ಐತಿ, ನೋಡ್ರಿ!"

"ಹಂಗಾದ್ರ ನಿಮ್ಮ ದನಿ ಯಾರ ಬಾಯಾಗ ಐತಿ?"

ಅಜ್ಜಿ ತಿರುಗಿ ಶೆವಂತಿಯನ್ನು ನೋಡಿದಳು. ಕೈ ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು. "ಅಯ್ಯ ಶಿವನ! ಕೂಸು ಮಾತಾಡ್ತು!" ಎಂದು ಅವಳನ್ನು ಬಾಚಿ ಎದೆಗೆ ಒತ್ತಿಕೊಂಡು, "ಕೇಳಿದ್ರಿಲ್ಲೋ ವೈನೀ? ಎಷ್ಟ ಸ್ವಚ್ಛ ಮಾತಾಡ್ತು!" ಎಂದು ಬೈಸಿಕೊಂಡವಳನ್ನೇ ಸಾಕ್ಷಿಗೆ ಕರೆದಳು. ವಕೀಲರ ಹೆಂಡತಿಗೆ ಸಿಟ್ಟು ಮಾಡಬೇಕೋ ಸಂತೋಷಪಡಬೇಕೋ ತಿಳಿಯಲಿಲ್ಲ. ಕೊನೆಗೆ ಮೂರು ಹೋಳಿಗೆ ತಿಂದು, ಸಿಟ್ಟು ಮಾಡಿಕೊಂಡು ಹೋದಳು.

ಆದರೆ ನಮ್ಮ ಸಂಭ್ರಮ ಹೆಚ್ಚು ದಿನ ಉಳಿಯಲಿಲ್ಲ. ಶೆವಂತಿ ಅಜ್ಜಿಯ ಮಾತು ಆಡುತ್ತಿದ್ದಳು, ಗಂಗವ್ವನ ಮಾತು ಆಡುತ್ತಿದ್ದಳು, ಹಾಲಿನವಳ ಮರಾಠಿ ಆಡುತ್ತಿದ್ದಳು, ನಾನು ಮಗ್ಗಿ ತಪ್ಪಿದ್ದನ್ನು ತಪ್ಪಾಗಿಯೇ ಒಪ್ಪಿಸುತ್ತಿದ್ದಳು. ತನ್ನ ಮಾತು ಒಂದೂ ಇಲ್ಲ. "ನಿನ್ನ ಹೆಸರೇನವಾ?" ಎಂದು ಕೇಳಿದರೆ, ಕೇಳಿದವರದೇ ದನಿಯಲ್ಲಿ "ನಿನ್ನ ಹೆಸರೇನವಾ?" ಎಂದು ತಿರುಗಿ ಕೇಳುತ್ತಿದ್ದಳು. ಎಲ್ಲರೂ ನಗುತ್ತಿದ್ದೆವು. ಅಜ್ಜಿ ಒಬ್ಬಳು ನಗುವುದನ್ನು ಬಿಟ್ಟಳು.

"ಮಂದಿ ಅಂಗಿ ತೊಟ್ಟು ಅಡ್ಡಾಡಾಕತ್ತೈತಿ ಈ ಕೂಸು," ಎಂದಳು ಒಂದು ಸಂಜೆ. "ಇದರ ಅಂಗಿ ಇದರವ್ವನ ಹತ್ತೇಕ ಉಳದೈತಿ. ನಡೀರಿ ಖಾನಾಪುರಕ್ಕ."

ಬೀಗರ ಮನೆಗೆ ಕರೆಯದೆ ಕಾಲಿಡುವುದಿಲ್ಲ ಎಂದು ಅಜ್ಜಿ ನನ್ನ ಅವ್ವನ ಮದುವೆಯಾದಾಗಿನಿಂದ ಹೇಳುತ್ತ ಬಂದಿದ್ದಳು. ಆ ಮಾತು ಮುರಿದದ್ದು ಶೆವಂತಿಗಾಗಿ.

ಖಾನಾಪುರದ ಸ್ಟೇಷನ್ನಿಗೆ ಮಾವ ಬಂದಿದ್ದ, ಅವನ ಹಿಂದೆ ಶೆವಂತಿಯ ತಾಯಿ. ಶೆವಂತಿ ಗಾಡಿ ಇಳಿದು ತಾಯಿಯ ಮುಂದೆ ನಿಂತು, "ಯಾಕ ಸೊರಗೀಯ ತಂಗೀ, ಉಣ್ಣೂದಿಲ್ಲೇನು?" ಎಂದಳು. ತಾಯಿ ಬೆಚ್ಚಿ ಅಜ್ಜಿಯ ಕಡೆ ನೋಡಿದಳು. ಅಜ್ಜಿ ತನ್ನ ಮುಚ್ಚಿದ ತುಟಿಯನ್ನು ಬೆರಳಿನಿಂದ ತೋರಿಸಿದಳು. ಆಮೇಲೆ ಶೆವಂತಿ, "ಶೆವಂತೀ..." ಎಂದು ಉದ್ದಕ್ಕೆ ಕರೆದಳು. ಸಂಜೆಗೆ ಗುಡ್ಡದ ಈ ಕಡೆಯಿಂದ ಆ ಕಡೆಗೆ ಮಕ್ಕಳನ್ನು ಕೂಗುವ ದನಿ ಅದು. ತಾಯಿ ನಿಂತಲ್ಲೇ ಪ್ಲಾಟ್‌ಫಾರ್ಮಿನ ಮೇಲೆ ಕುಸಿದು ಕೂತಳು. ಸುಟ್ಟುಹೋದ ಮನೆಯ ಅಂಗಳದಲ್ಲಿ ಹಾಗೆ ಕೂಗುತ್ತಿದ್ದವಳು ಅವಳೇ.

ಶೆವಂತಿಯೂ ಅವಳ ಪಕ್ಕ ಕೂತಳು. ಸ್ವಲ್ಪ ಹೊತ್ತಿಗೆ ಒಂದು ದನಿ, "ಆಯೀ" ಎಂದಿತು. ಒಡಕು, ತುಕ್ಕು ಹಿಡಿದಂಥ ದನಿ. ಅದು ಯಾರದೆಂದು ನನಗೆ ಗುರುತು ಹತ್ತಲಿಲ್ಲ. ಅಜ್ಜಿಯದಲ್ಲ, ಗಂಗವ್ವನದಲ್ಲ, ಯಾರದೂ ಅಲ್ಲ. ಆಮೇಲೆ ಹೊಳೆಯಿತು. ಅದು ಅವಳದೇ. ಮಾವ ಕೆಮ್ಮಲು ಹೋಗಿ, ಕೆಮ್ಮು ಬಾರದೆ, ಕೂಲಿಯವನ ಮೇಲೆ ಸುಮ್ಮನೆ ರೇಗಿದ.

ಆ ವಾರ ಖಾನಾಪುರದ ಗುಡಿಯಲ್ಲಿ ಕೀರ್ತನೆ. ಬಂದ ಹರಿದಾಸರು ಕಥೆಯನ್ನು ಕನ್ನಡದಲ್ಲಿ ಹೇಳಿ, ನಗೆಚಾಟಿಕೆಯನ್ನು ಮರಾಠಿಯಲ್ಲಿ ಹೇಳುವವರು. ಎರಡೂ ಭಾಷೆಯವರು ಒಬ್ಬರನ್ನು ನೋಡಿ ಒಬ್ಬರು ನಗುತ್ತಿದ್ದರು. ವನವಾಸದ ಪ್ರಸಂಗ ಬಂತು. ಘೋರ ಅರಣ್ಯ ಎಂದು ದಾಸರು ತಾಳ ತಟ್ಟಿದರು. ತಕ್ಷಣ ಎಲ್ಲೋ ಕಾಡುಕೋಳಿ ಕೂಗಿತು. ಕರಿಮೂತಿಯ ಮುಸಿಯವೊಂದು ಖೆಕ್ ಖೆಕ್ ಎಂದಿತು. ದೂರದಲ್ಲಿ ನೀರು ಬಿದ್ದಂತಾಯಿತು. ಜನ ತಲೆ ಎತ್ತಿ ಗುಡಿಯ ಮಾಡು ನೋಡಿದರು. ದಾಸರು ಹಾಡು ನಿಲ್ಲಿಸಿ, "ಯಾರದು?" ಎಂದರು.

ಅಜ್ಜಿ ಗಾಬರಿಯಾಗಿ ಪಕ್ಕದಲ್ಲಿದ್ದ ಶೆವಂತಿಯ ಬಾಯಿ ಮುಚ್ಚಿದಳು. ಬೇರೆ ಯಾರೇ ಆದರೂ ಅದನ್ನೇ ಮಾಡುತ್ತಿದ್ದರು. ಆದರೆ ಇನ್ನೊಂದು ಮಗ್ಗುಲಲ್ಲಿ ಕೂತಿದ್ದ ತಾಯಿ, ನಮ್ಮ ಮನೆತನದ ಮುಂದೆ ಎಂದೂ ತಲೆ ಎತ್ತದವಳು, ಅಜ್ಜಿಯ ಕೈ ಹಿಡಿದು ಮಗಳ ಬಾಯಿಂದ ಸರಿಸಿದಳು. ಸರಿಸಿ, ಆ ಕೈಯನ್ನು ತನ್ನ ಮಡಿಲಲ್ಲೇ ಹಿಡಿದುಕೊಂಡು ಕೂತಳು.

ಶೆವಂತಿ ಎದ್ದು ನಿಂತಳು. ಕಾಡಿನ ಸದ್ದುಗಳು ಒಂದೊಂದಾಗಿ ನಿಂತವು. ಆಮೇಲೆ ಬೂಟುಗಳು ಬಂದವು. ಎಲೆಯ ಮೇಲೆ, ಕಲ್ಲಿನ ಮೇಲೆ, ಹತ್ತಿರ, ಇನ್ನೂ ಹತ್ತಿರ. ಬೂಟುಗಳು ನಮ್ಮ ಎದುರಿಗೇ ನಿಂತವು. ಬಹಳ ಹೊತ್ತು ನಿಂತವು. ಮತ್ತೆ ನಿಧಾನಕ್ಕೆ ಹೊರಟು, ದೂರವಾಗಿ, ಇಲ್ಲವಾದವು. ಒಂದು ಕಾಡುಕೋಳಿ ಧೈರ್ಯ ಮಾಡಿ ಕೂಗಿತು.

ಜನ ಕಣ್ಣೊರೆಸಿಕೊಳ್ಳಲು ಸೆರಗು, ಶಲ್ಯ ಹುಡುಕುವಷ್ಟರಲ್ಲಿ, "ಖ್ಹಂ... ಹ್ಹೂಂ" ಎಂದಿತು. ಹಿಂದಿನ ಸಾಲಿನಲ್ಲಿ ವಖಾರಿಯ ಆಳುಗಳು ನಾಲ್ವರೂ ಎದ್ದು ನಿಂತರು. ಅವರ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡೇ ಕೂತಿದ್ದ ಮಾವ ಕೈಮುಗಿದು ಸುತ್ತಲೂ ತೋರಿಸಿದ, ನಾನಲ್ಲ ಎಂದು. ಇಡೀ ಗುಡಿ ನಕ್ಕಿತು. ಶೆವಂತಿ ನಕ್ಕದ್ದನ್ನು ನಾನು ಮೊದಲು ಕಂಡದ್ದೂ ಆಗಲೇ.

ದಾಸರು ಅಜ್ಜಿಯ ಹತ್ತಿರ ಬಂದು, "ಈ ಕೂಸನ್ನ ನನ್ನ ಕಡೆ ಕಳಸ್ರಿ ತಾಯೀ. ಕಥಿ ನಾ ಕಲಸ್ತೀನಿ. ಕಾಡು ಅಕಿ ಹತ್ತೇಕ ಐತಿ" ಎಂದರು. ಹೆಣ್ಣುಮಕ್ಕಳು ಸಭೆಯಲ್ಲಿ ನಿಂತು ಕೀರ್ತನೆ ಮಾಡುವುದೇ ಎಂದು ಯಾರೋ ಗೊಣಗಿದರು. ಅಜ್ಜಿ ತಿರುಗಿ, "ಕುಂತು ಮಾಡ್ತಾಳ ಬಿಡ್ರಿ, ನಿಂತದ್ದು ತ್ರಾಸ ಆದ್ರ ನಿಮಗ" ಎಂದಳು. ತಾಯಿಯನ್ನು ಕೇಳಿದಾಗ ಅವಳು ಮಗಳನ್ನು ನೋಡಿದಳು. ಮಗಳು, ತನ್ನ ಒಡಕು ದನಿಯಲ್ಲಿ, ಹೋಗುತ್ತೇನೆ ಎಂದಳು.

ಶೆವಂತಿ ಕೀರ್ತನಕಾರ್ತಿಯಾದಳು. ಬೆಳಗಾವಿ, ಧಾರವಾಡ, ಕೊಲ್ಹಾಪುರದ ಕಡೆಯವರು ಅವಳ ಕಾಡು ಕೇಳಲು ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಅವಳ ಅಪ್ಪ ಬರಲಿಲ್ಲ. ಹಡಗು ಹತ್ತಿ ಹೋದನೆಂದು ಒಬ್ಬ ಹೇಳಿದ, ಕಾಡಿನಲ್ಲೇ ತೀರಿಹೋದನೆಂದು ಇನ್ನೊಬ್ಬ. ತಾಯಿ ಮಗಳ ಕೀರ್ತನೆಯಲ್ಲಿ ಹಿಂದೆ ನಿಂತು ತಾಳ ಹಾಕುತ್ತಿದ್ದಳು, ಗುಡಿಯ ಹೊರಗೆ ಗಾಡಿ ಬಂದ ಸದ್ದಾದರೆ ತಾಳ ತಪ್ಪುತ್ತಿದ್ದಳು. ಮಗಳು ಅದನ್ನು ತಪ್ಪೆಂದು ಎಂದೂ ಹೇಳಲಿಲ್ಲ. ತಾಯಿ ಮತ್ತೆ ತಾಳ ಹಿಡಿಯುವವರೆಗೆ ಕಥೆಯನ್ನು ನಿಲ್ಲಿಸಿ ಕಾಯುತ್ತಿದ್ದಳು.

ಇದನ್ನೆಲ್ಲ ಬರೆದು ಮುಗಿಸಿ, ಇವತ್ತು ಸಂಜೆ ನಾನು ಪೇಟೆಗೆ ಹೋಗಿದ್ದೆ. ಚಳಿ ಶುರುವಾಗಿದೆ, ರಸ್ತೆಯ ಬದಿಗೆ ಟಿಬೇಟಿನವರು ಸ್ವೆಟರಿನ ಅಂಗಡಿ ಹಾಕಿದ್ದಾರೆ. ವರ್ಷವೂ ನಾನು ಆ ದಾರಿಯಲ್ಲಿ ಹೋಗಿ, ಬಣ್ಣಗಳನ್ನು ನೋಡಿ ಬರುವವಳು. ಇವತ್ತು ಸ್ವೆಟರುಗಳ ಗುಡ್ಡೆಯ ಹಿಂದೆ ಕೂತಿದ್ದ ಒಂದು ಚಿಕ್ಕ ಹುಡುಗಿ ಕಣ್ಣಿಗೆ ಬಿದ್ದಳು. ಮಾತಿಲ್ಲ, ನಗುವಿಲ್ಲ, ಹೋಗಿಬರುವವರ ಕಾಲು ನೋಡುತ್ತಿದ್ದಳು. ನನ್ನ ಬುದ್ಧಿಗೆ ಏನು ಬಂತೋ, ಒಂಬತ್ತು ಗಜದ ಸೀರೆ ಉಟ್ಟ ನಾನು ನಡುಪೇಟೆಯಲ್ಲಿ ಬಗ್ಗಿ, ಆಡಿನಂತೆ ಕೂಗಿದೆ. ನನ್ನ ಆಡು ಆಡಾಗಿರಲಿಲ್ಲ. ಬಾಜೂಕ ನಿಂತಿದ್ದ ಗಂಡಸೊಬ್ಬ, "ಯಾಕ್ರೀ ಅಜ್ಜೀ, ಆರಾಮ ಇಲ್ಲೇನು?" ಎಂದು ಕೇಳಿದ.

ಹುಡುಗಿ ನನ್ನನ್ನು ಗಂಭೀರವಾಗಿ ನೋಡಿದಳು. ಆಮೇಲೆ ಬಾಯಿ ತೆರೆದಳು. ಹಿಮದ ಬೆಟ್ಟಗಳ ಯಾವ ಪ್ರಾಣಿ ಕೂಗೀತೋ ಎಂದು ನಾನು ಕಿವಿ ಕೊಟ್ಟೆ. ಹೊರಬಂದದ್ದು ನಮ್ಮ ಬೆಳಗಾವಿಯ ಆಟೋರಿಕ್ಷಾ. ಚಳಿಗೆ ಚಾಲೂ ಆಗದೆ, ಎರಡು ಸಲ ಗೊರಗೊರ ಎಂದು, ಮೂರನೆಯ ಸಲಕ್ಕೆ ಹೊರಟೇಬಿಟ್ಟಿತು. ನಾನು ದಾರಿ ಬಿಟ್ಟು ಪಕ್ಕಕ್ಕೆ ಸರಿದೆ.